ದೊಡ್ಡಬಳ್ಳಾಪುರದಿಂದ ಯೊಕೊಹಾಮಕ್ಕೆ, ಆರಾಮಾಗಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇರೋದು ನಾಲ್ಕು ತಾಲ್ಲೂಕು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ನಾಲ್ಕರಲ್ಲಿ ಒಂದಕ್ಕೂ ಸಮುದ್ರವಿಲ್ಲ. ನದಿ ಅಂತ ಹೇಳಿಕೊಳ್ಳೋಕೆ ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಇದ್ದಾಳೆ. ಅವಳೂ ಮಳೆಗಾಲದಲ್ಲಿ ನೆನಪಾದರೆ ಬಂದು ಹೋಗುವವಳು. ಜಿಲ್ಲೆಯ ಹೆಸರನ್ನು ‘ಬೆಂಗಳೂರು ಉತ್ತರ’ ಎಂದು ಬದಲಿಸಲು 2025ರ ಜುಲೈನಲ್ಲಿ ಸಚಿವ ಸಂಪುಟ ನಂದಿಬೆಟ್ಟದ ಮೇಲೇ ಕೂತು ಒಪ್ಪಿಗೆ ಕೊಟ್ಟಿತು. ಹೆಸರು ಬದಲಿಸಬಹುದು ಸ್ವಾಮಿ, ಸಮುದ್ರ ಮಂಜೂರು ಮಾಡುವ ಅಧಿಕಾರ ಯಾವ ಸಂಪುಟಕ್ಕಿದೆ?

ಹಾಗಾಗಿ ನಮ್ಮ ಕಡೆಯವರಿಗೆ ಬಂದರು ಅಂದರೆ ಬಾಯಲ್ಲಿ ನೀರು. ಹತ್ತಿರದ ಬಂದರು ಯಾವುದು ಅಂತ ಕೇಳಿದರೆ ಒಬ್ಬ ಚೆನ್ನೈ ಅಂತಾನೆ, ಇನ್ನೊಬ್ಬ ಮಂಗಳೂರು ಅಂತಾನೆ. ಎರಡೂ ಸುಮಾರು ಮುನ್ನೂರೈವತ್ತು ಕಿಲೋಮೀಟರ್. ಮಂಗಳೂರಿಗೆ ಯಶವಂತಪುರದಿಂದ ಹಗಲು ರೈಲಿದೆ. ಬೆಳಗ್ಗೆ ಏಳಕ್ಕೆ ಹೊರಡುತ್ತದೆ. ಹಾಸನದವರೆಗೆ ಚುರುಕಾಗೇ ಹೋಗುತ್ತದೆ. ಸಕಲೇಶಪುರ ದಾಟಿ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರ್ ಘಾಟಿ ಇದೆಯಲ್ಲ, ಅಲ್ಲಿ 57 ಸುರಂಗ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಇಳಿಜಾರು. ರೈಲು ಅಲ್ಲಿ ತುಂಬು ಬಸುರಿ ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆ. 2021ರಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದ ಮೇಲಂತೂ ಜನ ಮಂಗಳೂರು ಸೇರುವುದಕ್ಕಿಂತ ಘಾಟಿ ನೋಡುವುದಕ್ಕೇ ಟಿಕೆಟ್ ತೆಗೆಸುತ್ತಾರೆ. ಸಮುದ್ರ ಕಾಣುವ ಹೊತ್ತಿಗೆ ಸೂರ್ಯ ಮುಳುಗಲು ತಯಾರಾಗಿರುತ್ತಾನೆ. ಇನ್ನು ಅದೇ ದಿನ ವಾಪಸ್ ಬರುವ ಮಾತೆಲ್ಲಿ?

ಈಗ ತಮಾಷೆ ನೋಡಿ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಟೋಕಿಯೊ ಪಕ್ಕದ ನರಿತಾಗೆ ನೇರ ವಿಮಾನವಿದೆ. ಎಂಟು, ಎಂಟೂವರೆ ತಾಸು. ಯಶವಂತಪುರದಲ್ಲಿ ಒಬ್ಬನನ್ನು ಮಂಗಳೂರು ರೈಲು ಹತ್ತಿಸಿ, ಅದೇ ಹೊತ್ತಿಗೆ ಇನ್ನೊಬ್ಬನನ್ನು ದೇವನಹಳ್ಳಿಯಲ್ಲಿ ವಿಮಾನ ಹತ್ತಿಸಿದರೆ, ಎರಡನೆಯವನು ಜಪಾನಿನಲ್ಲಿ ಇಳಿದಾಗ ಮೊದಲನೆಯವನು ಇನ್ನೂ ಮಂಗಳೂರು ಮುಟ್ಟಿರುವುದಿಲ್ಲ. ಹೀಗಿರುವಾಗ ದೊಡ್ಡಬಳ್ಳಾಪುರದವರು ಬಂದರು ನೋಡಲು ಜಪಾನಿಗೆ ಹೊರಟರೆ ದುಂದುಗಾರಿಕೆ ಅನ್ನಬೇಡಿ, ಸಮಯದ ಉಳಿತಾಯ ಅನ್ನಿ.

ಹೊರಟವರು ನಮ್ಮ ಅಕ್ಕ-ಭಾವ. ಜೊತೆಗೆ ಅವರ ಬೀಗರು ದಂಪತಿ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರು. ಅಕ್ಕನ ಮಗ, ಸೊಸೆ ಇಬ್ಬರೂ ಟೋಕಿಯೊದಲ್ಲಿ ಕೆಲಸಕ್ಕಿದ್ದಾರೆ. ಮನೆ ನಿಶಿ-ಕಸಾಯ್‌ನಲ್ಲಿ. ಅಲ್ಲಿ ನಮ್ಮ ದೇಶದವರು ಎಷ್ಟು ಸೇರಿಕೊಂಡಿದ್ದಾರೆ ಅಂದರೆ ಜಪಾನಿನವರೇ ಅದನ್ನು ‘ಲಿಟಲ್ ಇಂಡಿಯಾ’ ಅಂತ ಕರೆಯುತ್ತಾರೆ. ಹುಡುಗ ವಾಟ್ಸಾಪಿನಲ್ಲಿ ಒಂದು ಸಂದೇಶ ಹಾಕಿದ. “ಒಂದು ದಿನ ಯೊಕೊಹಾಮಕ್ಕೆ ರೈಲಲ್ಲಿ ಆರಾಮಾಗಿ ಹೋಗಿ ಬರೋಣ. ತಿಂಡಿ ತಿಂದು ಹೊರಟರೆ ರಾತ್ರಿ ಊಟಕ್ಕೆ ಮನೆ.” ಅಷ್ಟೇ. ದೊಡ್ಡಬಳ್ಳಾಪುರದ ಮನೆಯ ನೆಮ್ಮದಿ ಅಲ್ಲಿಗೆ ಮುಗಿಯಿತು.

ಭಾವನ ಮೊದಲ ಪ್ರಶ್ನೆ: “ರೈಲು ಎಷ್ಟು ಗಂಟೆಗಂತೆ?”

ಹುಡುಗನ ಉತ್ತರ: “ಎಷ್ಟು ಗಂಟೆಗೆ ಬೇಕಾದ್ರೂ ಹೋಗ್ಬೋದಪ್ಪ.”

ಭಾವ ಫೋನಿಟ್ಟು ನನ್ನ ಕಡೆ ತಿರುಗಿದರು. “ನೋಡಪ್ಪಾ, ಇವ್ನು ವಿಚಾರಿಸೇ ಇಲ್ಲ. ರೈಲಿಗೆ ಟೈಮಿಲ್ಲ ಅಂದ್ರೆ ಅದೇನು ರೈಲೋ ಟೆಂಪೋನೋ?”

ಭಾವನನ್ನು ನೋಡಿ ನಗಬೇಡಿ. ಅವರದು ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್. ಮಗ್ಗದ ಸದ್ದಿನ ನಡುವೆ ಬೆಳೆದ ಮನುಷ್ಯ. ವಯಸ್ಸಿನಲ್ಲಿದ್ದಾಗ ಸೀರೆಯ ಗಂಟು ಹೊತ್ತು ಚಿಕ್ಕಪೇಟೆಗೆ ಹೋಗುತ್ತಿದ್ದುದು ಹಿಂದೂಪುರ, ಧರ್ಮಾವರದ ಕಡೆಯಿಂದ ಬರುವ ಪ್ಯಾಸೆಂಜರಿನಲ್ಲಿ. ಆ ರೈಲು ತಪ್ಪಿದರೆ ಇನ್ನೊಂದಕ್ಕೆ ಕಾಯುವ ಹೊತ್ತಿಗೆ ಚಿಕ್ಕಪೇಟೆಯ ಸಾಹುಕಾರ ಊಟಕ್ಕೆ ಎದ್ದಿರುತ್ತಿದ್ದ. ಒಂದೇ ಹಳಿ ಇದ್ದ ಕಾಲ. ಎದುರಿನಿಂದ ಎಕ್ಸ್‌ಪ್ರೆಸ್ ಬರುವವರೆಗೆ ನಮ್ಮ ಗಾಡಿ ರಾಜಾನುಕುಂಟೆಯಲ್ಲೋ ಯಲಹಂಕದಲ್ಲೋ ಕ್ರಾಸಿಂಗಿಗೆ ನಿಂತಿರುತ್ತಿತ್ತು. ಹಾಗಾಗಿ ಭಾವನ ಮಟ್ಟಿಗೆ ರೈಲು ಅಂದರೆ ಸಾಕ್ಷಾತ್ ಘಾಟಿ ಸುಬ್ರಹ್ಮಣ್ಯನ ರಥ. ಅದು ನಿಮಗಾಗಿ ಕಾಯುವುದಿಲ್ಲ, ನೀವು ಅದಕ್ಕಾಗಿ ಕಾಯಬೇಕು, ಅದೂ ಒಂದು ತಾಸು ಮೊದಲೇ.

ಭಾನುವಾರ ಮನೆಯಲ್ಲಿ ಸಭೆ ಸೇರಿತು. ಯಾರೂ ಕರೆದಿರಲಿಲ್ಲ; ಜಪಾನಿನ ಸುದ್ದಿಗೆ ತಾವೇ ಬಂದರು. ನಾಲ್ಕು ತಾಲ್ಲೂಕಿಗೂ ಪ್ರಾತಿನಿಧ್ಯ ಇತ್ತು. ಜಿಲ್ಲಾ ಪಂಚಾಯಿತಿ ಸಭೆಗೂ ಇಷ್ಟು ಕೋರಂ ಇರೋದಿಲ್ಲ.

ಹೊಸಕೋಟೆಯ ನನ್ನ ಷಡ್ಡಕ ಮೊದಲು ಬಾಯಿ ಬಿಟ್ಟ. “ಬೆಳಗಿನ ಜಾವ ನಾಲ್ಕಕ್ಕೆ ಬಿಟ್ಬಿಡಿ ಭಾವ. ರಶ್ಶು ಇರಲ್ಲ.” ಹೊಸಕೋಟೆ ಪೇಟೆಗೆ ರೈಲು ನಿಲ್ದಾಣವೇ ಇಲ್ಲ. ರೈಲು ಬೇಕಾದರೆ ವೈಟ್‌ಫೀಲ್ಡಿಗೆ ಬರಬೇಕು. ಆದರೆ ನಾಲ್ಕು ಗಂಟೆಯ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ. ಅಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ದಮ್ ಬಿರಿಯಾನಿಗೆ ಸಾಲು ನಿಲ್ಲುತ್ತಾರೆ. ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು ನಿಲ್ಲುತ್ತಾರೆ. ಜಗತ್ತಿನ ಒಳ್ಳೆಯದೆಲ್ಲ ಸೂರ್ಯ ಹುಟ್ಟುವ ಮೊದಲೇ ಖಾಲಿಯಾಗುತ್ತದೆ ಅನ್ನುವುದು ಹೊಸಕೋಟೆಯ ಸಿದ್ಧಾಂತ.

ನೆಲಮಂಗಲದ ಸೋದರಮಾವನದು ಬೇರೆ ವರಸೆ. ಅವರು ಯೂಟ್ಯೂಬ್ ನೋಡಿ ಬಂದಿದ್ದರು. “ಜಪಾನ್‌ಗೆ ಹೋಗಿ ಬುಲೆಟ್ ಟ್ರೈನ್ ಹತ್ತದೆ ಬರ್ತೀರಾ? ಟೋಕಿಯೊದಿಂದ ಹದಿನೆಂಟೇ ನಿಮಿಷ ಕಣ್ರೀ!” ಮಾವ ಹೇಳಿದ್ದು ನಿಜ. ಶಿಂಕಾನ್‌ಸೆನ್ ಅಷ್ಟೇ ಹೊತ್ತಿನಲ್ಲಿ ಮುಟ್ಟಿಸುತ್ತದೆ. ಆದರೆ ಮುಟ್ಟಿಸುವುದು ಶಿನ್-ಯೊಕೊಹಾಮಕ್ಕೆ. ಅದು ಬಂದರಿನ ದಡದಲ್ಲಿಲ್ಲ. ಊರ ಒಳಗಡೆ ಕಿಲೋಮೀಟರ್‌ಗಟ್ಟಲೆ ದೂರದಲ್ಲಿದೆ. ಅಲ್ಲಿಂದ ಸಮುದ್ರಕ್ಕೆ ಮತ್ತೊಂದು ರೈಲು ಹಿಡಿಯಬೇಕು. ದುಡ್ಡೂ ಜಾಸ್ತಿ. ಟೋಕಿಯೊ ನಿಲ್ದಾಣದಿಂದ ಮಾಮೂಲಿ ತೊಕಾಯ್‌ದೊ ರೈಲು ಹತ್ತಿದರೆ ಅರ್ಧ ತಾಸಿನೊಳಗೆ ಯೊಕೊಹಾಮ. ಟಿಕೆಟ್ಟು ಐನೂರು ಯೆನ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಯ ಸುತ್ತಮುತ್ತ. ಕಾರ್ಡು ತೋರಿಸಿ ಒಳಗೆ ಹೋಗು, ಕಾರ್ಡು ತೋರಿಸಿ ಹೊರಗೆ ಬಾ. ರಿಸರ್ವೇಶನ್ ಇಲ್ಲ, ತತ್ಕಾಲ್ ಇಲ್ಲ, ವೇಟಿಂಗ್ ಲಿಸ್ಟ್ ಇಲ್ಲ. ಇದನ್ನು ಕೇಳಿ ಮಾವ ಸೋಲೊಪ್ಪಲಿಲ್ಲ. “ರಿಸರ್ವೇಶನ್ ಇಲ್ದೆ ಇರೋ ರೈಲಿಗೆ ಮರ್ಯಾದೆ ಎಲ್ಲೈತೆ?” ಅಂದರು.

ಅಷ್ಟರಲ್ಲಿ ನಮ್ಮ ಜನ್ಮಸಿದ್ಧ ಮಂತ್ರ ಹೊರಬಿತ್ತು: “ಹೋಗೋದು ಹೋಗ್ತೀವಿ…” ಈ ಎರಡು ಪದದಿಂದ ಶುರುವಾದ ಯಾವ ಪ್ರವಾಸವೂ ಆರಾಮಾಗಿ ಮುಗಿದ ಚರಿತ್ರೆ ಇಲ್ಲ. ಹೋಗೋದು ಹೋಗ್ತೀವಿ, ಪಕ್ಕದ ಕಾಮಾಕುರದ ದೊಡ್ಡ ಬುದ್ಧನಿಗೆ ಕೈಮುಗಿದು ಬರೋಣ. ಹೋಗೋದು ಹೋಗ್ತೀವಿ, ಫ್ಯೂಜಿ ಪರ್ವತ ಅದೇ ದಿಕ್ಕಿನಲ್ಲಿದೆಯಂತೆ. ಹೋಗೋದು ಹೋಗ್ತೀವಿ, ಅಲ್ಲಿ ಒಬ್ಬರು ದೂರದ ನೆಂಟರ ಮಗ ಇದ್ದಾನಂತೆ, ಅವನ ಮನೆಗೊಂದು ಹೆಜ್ಜೆ ಇಟ್ಟು ಕುಂಕುಮ ತಗೊಂಡು ಬರೋಣ. ಧರ್ಮಸ್ಥಳಕ್ಕೆ ಹೋದವರು ಕುಕ್ಕೆ, ಕಟೀಲು, ಉಡುಪಿ, ಕೊಲ್ಲೂರು, ಶೃಂಗೇರಿ, ಹೊರನಾಡು ಎಲ್ಲ ಮುಗಿಸಿ ಮೂರನೇ ದಿನ ಜ್ವರ ಬಂದು ಮಲಗುವ ಜನ ನಾವು. ನಮಗೆ ಒಂದೇ ಊರಿಗೆ ಹೋಗಿ ಬೆಂಚಿನ ಮೇಲೆ ಕೂತು ಬರೋದು ಅಂದರೆ ಟಿಕೆಟ್ಟಿನ ದುಡ್ಡು ನೀರಿಗೆ ಹಾಕಿದ ಹಾಗೆ.

ಹುಡುಗ ಅಲ್ಲಿಂದಲೇ ವಿಡಿಯೋದಲ್ಲಿ ತಲೆ ಚಚ್ಚಿಕೊಂಡ. ಅವನು ಹೇಳಿದ್ದು ಇಷ್ಟೇ. ಬೇಗ ಏಳಬೇಡಿ. ನಿಶಿ-ಕಸಾಯ್‌ನಿಂದ ಹೋಗುವ ತೋಝಾಯ್ ಮೆಟ್ರೊ ಬೆಳಗಿನ ಹೊತ್ತು ಟೋಕಿಯೊದಲ್ಲೇ ಅತಿ ಹೆಚ್ಚು ತುಂಬುವ ದಾರಿಗಳಲ್ಲೊಂದು. ಎಂಟು ಗಂಟೆಗೆ ಹತ್ತಿದರೆ ಒಳಗೆ ಹೋದ ಕೈ ಒಳಗೆ, ಹೊರಗಿದ್ದ ಕೈ ಹೊರಗೆ. ಹತ್ತರ ಮೇಲೆ ಹೊರಡಿ. ಓತೆಮಾಚಿಯಲ್ಲಿ ಇಳಿದು ನಡೆದರೆ ಟೋಕಿಯೊ ನಿಲ್ದಾಣ. ಸೋಮವಾರ ಬೇಡ, ಮ್ಯೂಸಿಯಂಗಳು ಮುಚ್ಚಿರುತ್ತವೆ. ನೋಡುವುದು ಎರಡೇ ಜಾಗ, ಉಳಿದಂತೆ ದಡದ ಮೇಲೆ ನಡೆಯುವುದು, ಸುಸ್ತಾದರೆ ಕೂರುವುದು.

“ಎರಡೇ ಜಾಗಕ್ಕೆ ವಿಮಾನ ಹತ್ತಿ ಬರ್ಬೇಕೇನೋ?” ಅಂದರು ಭಾವ.

ಇಷ್ಟು ಹೊತ್ತೂ ಮೂಲೆಯಲ್ಲಿ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದವರು ವಿಜಯಪುರದ ಬೀಗರು. ಅವರು ರೀಲರ್. ಗೂಡು ಕೊಂಡು ನೂಲು ತೆಗೆಯುವ ಕಸುಬು. ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ಅವರು ಲಾಟಿನ ಮುಂದೆ ನಿಂತು ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಲ್ಲಿ ಒತ್ತಿ ನೋಡಿ ರೇಟು ಹೇಳುವುದನ್ನು ನಾನು ಕಂಡಿದ್ದೇನೆ. ಒಳಗೆ ಹುಳು ಸರಿಯಾಗಿ ಕೋಶವಾಗಿದೆಯೋ, ಚಿಪ್ಪು ಗಟ್ಟಿಯಿದೆಯೋ, ನೂಲು ಎಷ್ಟು ಬಿಚ್ಚಿಕೊಂಡೀತು, ಎಲ್ಲ ಆ ಒಂದು ಅಲ್ಲಾಡಿಸುವುದರಲ್ಲೇ ತೀರ್ಮಾನ. ಮಾತು ಕಡಿಮೆ. ಆಡಿದರೆ ತೂಕವಾಗಿ ಆಡುತ್ತಾರೆ.

“ಬೀಗರೇ,” ಅಂದರು ನಿಧಾನವಾಗಿ. “ಯೊಕೊಹಾಮ ಅಂದ್ರೆ ರೇಷ್ಮೆ ಊರಲ್ವೇ? ನಮ್ಮ ಟ್ರೈನಿಂಗಿನಾಗೆ ಹೇಳ್ತಿದ್ರು.”

ಸಭೆ ತಣ್ಣಗಾಯಿತು. ಹುಡುಗನಿಗೇ ಗೊತ್ತಿರಲಿಲ್ಲ, ಅವನು ಅಲ್ಲಿ ನೂಡಲ್ಸಿನ ಮ್ಯೂಸಿಯಂ ಇದೆ ಎಂಬಷ್ಟು ಮಾತ್ರ ತಿಳಿದಿದ್ದ.

ಬೀಗರು ಹೇಳಿದ್ದು ಅಕ್ಷರಶಃ ನಿಜ. ಯೊಕೊಹಾಮ ಮೀನು ಹಿಡಿಯುವವರ ಸಣ್ಣ ಹಳ್ಳಿಯಾಗಿತ್ತು. 1859ರಲ್ಲಿ ಅದನ್ನು ಹೊರದೇಶದ ಹಡಗುಗಳಿಗೆ ತೆರೆದರು. ಆ ಕಾಲಕ್ಕೇ ಯೂರೋಪಿನಲ್ಲಿ ರೇಷ್ಮೆಹುಳುಗಳಿಗೆ ಪೆಬ್ರಿನ್ ಬಡಿದಿತ್ತು. ನಮ್ಮ ರೈತರು ಗಂಟುರೋಗ ಅಂತಾರಲ್ಲ, ಅದೇ. ಫ್ರಾನ್ಸ್, ಇಟಲಿಯ ಮಗ್ಗಗಳು ನೂಲಿಲ್ಲದೆ ಒಣಗಿದವು. ಜಪಾನಿನ ಕಚ್ಚಾ ರೇಷ್ಮೆ, ಮೊಟ್ಟೆ ಅಂಟಿಸಿದ ಹಾಳೆ ಸಮೇತ, ಯೊಕೊಹಾಮದಿಂದ ಹಡಗು ಹತ್ತಿತು. ಊರು ಬೆಳೆದದ್ದು ಆ ನೂಲಿನ ಮೇಲೆ. ಜಪಾನಿನ ಮೊದಲ ರೈಲು ಕೂಡ 1872ರಲ್ಲಿ ಓಡಿದ್ದು ಟೋಕಿಯೊದ ಶಿಂಬಾಶಿಯಿಂದ ಇದೇ ಯೊಕೊಹಾಮಕ್ಕೆ. ಅದೇ ವರ್ಷ ತೊಮಿಯೊಕದಲ್ಲಿ ಸರ್ಕಾರದ ದೊಡ್ಡ ಫಿಲೇಚರ್, ಅಂದರೆ ನೂಲು ತೆಗೆಯುವ ಕಾರ್ಖಾನೆ, ಶುರುವಾಯಿತು. ಆಮೇಲೆ 1908ರಲ್ಲಿ ಹಾಚಿಯೋಜಿ ಕಡೆಯ ರೇಷ್ಮೆ ಗಂಟುಗಳನ್ನು ಬಂದರಿಗೆ ಸಾಗಿಸಲೆಂದೇ ಇನ್ನೊಂದು ರೈಲುದಾರಿ ಹಾಕಿದರು. ನಮ್ಮ ಭಾವ ಸೀರೆಗಂಟು ಹೊತ್ತು ಪ್ಯಾಸೆಂಜರು ಹತ್ತುತ್ತಿದ್ದರಲ್ಲ, ಅವರ ದಾಯಾದಿಗಳು ಅಲ್ಲೂ ಇದ್ದರು ಅಂತಾಯಿತು.

ಅಲ್ಲಿಗೂ ಇಲ್ಲಿಗೂ ನಂಟು ಇನ್ನೂ ಇದೆ. 1893ರಲ್ಲಿ ಸ್ವಾಮಿ ವಿವೇಕಾನಂದರು ಷಿಕಾಗೋಗೆ ಹೋಗುವಾಗ ಅಮೆರಿಕದ ಕಡೆಯ ಹಡಗು ಹತ್ತಿದ್ದು ಯೊಕೊಹಾಮದಲ್ಲಿ. ಅದೇ ಪಯಣದಲ್ಲಿ ಜೊತೆಗಿದ್ದವರು ಜೆಮ್‌ಷೆಡ್‌ಜಿ ಟಾಟಾ. ಐದು ವರ್ಷದ ಮೇಲೆ ಟಾಟಾ ಆ ಪಯಣವನ್ನು ನೆನೆಸಿಕೊಂಡು ಸ್ವಾಮೀಜಿಗೆ ಕಾಗದ ಬರೆದರು, ವಿಜ್ಞಾನ ಸಂಸ್ಥೆಯ ಕನಸಿನ ಬಗ್ಗೆ. ಆ ಕನಸೇ 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟಾಟಾ ಇನ್‌ಸ್ಟಿಟ್ಯೂಟ್. ಟಾಟಾ ಅಷ್ಟಕ್ಕೇ ಬಿಡಲಿಲ್ಲ. ಜಪಾನಿನ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ತೋಟ ಹೋಯಿತು, ‘ಟಾಟಾ ಸಿಲ್ಕ್ ಫಾರ್ಮ್’ ಅನ್ನುವ ಹೆಸರು ಬಸವನಗುಡಿಯ ಮಗ್ಗುಲಲ್ಲಿ ಉಳಿದಿದೆ. ನಂದಿಬೆಟ್ಟದ ಆಚೆ ಮಗ್ಗುಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿ ಬಂದವರು. ಬೈವೋಲ್ಟಿನ್ ಗೂಡು ಬೆಳೆಯುವುದನ್ನು ನಮ್ಮ ರೈತರಿಗೆ ಕಲಿಸಲು 1991ರಿಂದ ಜಪಾನಿನ ಜೈಕಾ ಸಂಸ್ಥೆ, ಕೇಂದ್ರ ರೇಷ್ಮೆ ಮಂಡಳಿ ಸೇರಿ ವರ್ಷಗಟ್ಟಲೆ ದುಡಿದದ್ದಂತೂ ಬೀಗರ ಕಣ್ಣ ಮುಂದಿನ ಮಾತು. ಅವರ ‘ಟ್ರೈನಿಂಗು’ ಅಂದರೆ ಅದರ ಫಲವೇ.

ಈಗ ಕಲಿಸಿದ ಮೇಷ್ಟರ ಮನೆಯಲ್ಲೇ ಒಲೆ ಆರಿದೆ. ಜಪಾನಿನಲ್ಲಿ ಹುಳು ಸಾಕುವ ರೈತರನ್ನು ಹುಡುಕಿಕೊಂಡು ಹೋಗಬೇಕು. ಕಲಿತ ಶಿಷ್ಯರು ಶಿಡ್ಲಘಟ್ಟ, ವಿಜಯಪುರದಲ್ಲಿ ಇನ್ನೂ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಾರೆ, ಚಂದ್ರಿಕೆ ಕಟ್ಟುತ್ತಿದ್ದಾರೆ, ರೇಟು ಬಿದ್ದಾಗ ಬೈಯುತ್ತಿದ್ದಾರೆ. ಯೊಕೊಹಾಮದಲ್ಲಿ ಉಳಿದಿರುವುದು ಸಿಲ್ಕ್ ಮ್ಯೂಸಿಯಂ. ಬಂದರಿನ ನೂರನೇ ವರ್ಷಕ್ಕೆ, 1959ರಲ್ಲಿ ತೆರೆದದ್ದು.

“ಹಂಗಾದ್ರೆ ಅದೊಂದು ನೋಡ್ಲೇಬೇಕು,” ಅಂದರು ಭಾವ. ಬೀಗರ ಮಾತಿಗೆ ಎದುರಾಡುವ ಹಾಗಿರಲಿಲ್ಲ. ಫ್ಯೂಜಿ, ಬುದ್ಧ, ದೂರದ ನೆಂಟ ಮೂವರೂ ಒಂದೇ ಏಟಿಗೆ ಪಟ್ಟಿಯಿಂದ ಬಿದ್ದರು. ಸೊಸೆಯ ತವರಿನವರ ಮುಂದೆ ನಮ್ಮವರು ಎಷ್ಟು ಬೇಗ ಸರಳಜೀವಿಗಳಾಗುತ್ತಾರೆ ನೋಡಿ!

ಎರಡನೆಯ ಜಾಗವನ್ನು ಅಕ್ಕ ಆರಿಸಿದಳು. ಯಮಾಶಿತಾ ಪಾರ್ಕ್. ಸಮುದ್ರಕ್ಕೆ ಅಂಟಿಕೊಂಡ ಉದ್ಯಾನ. 1923ರ ಭೂಕಂಪದಲ್ಲಿ ಊರು ಕುಸಿದಾಗ ಆ ಕಲ್ಲು-ಮಣ್ಣನ್ನೇ ಸಮುದ್ರಕ್ಕೆ ತುಂಬಿ ಮಾಡಿದ ನೆಲ, 1930ರಲ್ಲಿ ತೆರೆದರು. ಅಲ್ಲಿ ನಮ್ಮ ದೇಶದವರು ಕಟ್ಟಿಸಿಕೊಟ್ಟ ಒಂದು ಗೋಪುರದ ಹಾಗಿನ ನೀರಿನ ಮಂಟಪವಿದೆ. ಆ ಭೂಕಂಪದಲ್ಲಿ ಸತ್ತ ಭಾರತೀಯರ ನೆನಪಿಗೆ, ಬದುಕಿದವರನ್ನು ಕಾಪಾಡಿದ ಊರಿನ ಉಪಕಾರಕ್ಕೆ. ಪಾರ್ಕಿನ ದಡದಲ್ಲೇ 1930ರಲ್ಲಿ ಕಟ್ಟಿದ ಹಿಕಾವಾ ಮಾರು ಎಂಬ ಹಡಗು ಲಂಗರು ಹಾಕಿಕೊಂಡು ನಿಂತಿದೆ. ಚಾರ್ಲಿ ಚಾಪ್ಲಿನ್ ಹತ್ತಿದ್ದ ಹಡಗು. ಸ್ವಲ್ಪ ಮುಂದೆ ಹಳೆಯ ಅಲೆತಡೆ ಗೋಡೆ ಬಾಗಿಕೊಂಡು ಹೋಗಿದೆ. ಅದನ್ನು ಜಪಾನೀಯರು ಆನೆಯ ಸೊಂಡಿಲು ಅಂತಲೇ ಕರೆಯುತ್ತಾರೆ. ಅಕ್ಕನಿಗೆ ಅಷ್ಟು ಸಾಕಾಯಿತು. “ಗಣಪನ ಸೊಂಡ್ಲೇ ಅಡ್ಡ ನಿಂತಿರೋ ಬಂದ್ರು, ವಿಘ್ನ ಏನು ಬತ್ತದೆ?”

ವಿಘ್ನ ಬಂದದ್ದು ಅಡಿಗೆ ಮನೆಯಿಂದ. ಅಕ್ಕನ ಬುತ್ತಿಯ ಪಟ್ಟಿ: ಪುಳಿಯೋಗರೆ, ಮೊಸರನ್ನ, ಚಕ್ಕುಲಿ, ಕೋಡುಬಳೆ, ಹುರಿಗಾಳು, ಬಾಳೆಹಣ್ಣು. ಬೀಗಿತ್ತಿ ತಮ್ಮ ಪಾಲಿಗೆ ದೇವನಹಳ್ಳಿ ಚಕ್ಕೋತ ತರುತ್ತೇನೆ ಅಂದರು. ಭೌಗೋಳಿಕ ಸೂಚಿಕೆ ಪಡೆದ ಹಣ್ಣು, ಜಪಾನಿನವರೂ ನೋಡಲಿ ಎಂಬ ಹೆಮ್ಮೆ. ಆದರೆ ಹಣ್ಣುಹಂಪಲನ್ನು ಸುಮ್ಮನೆ ಚೀಲದಲ್ಲಿಟ್ಟುಕೊಂಡು ಜಪಾನಿನೊಳಗೆ ಕಾಲಿಡಲಾಗದು. ವಿಮಾನ ನಿಲ್ದಾಣದಲ್ಲೇ ಸಸ್ಯ ತಪಾಸಣೆಯವರು ಕಿತ್ತುಕೊಳ್ಳುತ್ತಾರೆ. ಚಕ್ಕೋತ ಇಲ್ಲೇ ಉಳಿಯಿತು. ಸಭೆಯ ಖರ್ಚಿಗೆ ನಾವೇ ಸುಲಿದು ಉಪ್ಪು-ಖಾರ ಹಾಕಿ ಮುಗಿಸಿದೆವು.

ಅಲ್ಲಿ ಸಸ್ಯಾಹಾರಿಗಳಿಗೆ ಕಷ್ಟವೇ. ಮೇಲೆ ಬರೀ ತರಕಾರಿ ಕಂಡರೂ ಸಾರಿನ ತಳದಲ್ಲಿ ಮೀನಿನ ರಸ ಇರುತ್ತದೆ. ಅಂಗಡಿಯಲ್ಲಿ ಅನ್ನದ ಮುದ್ದೆ ಕಟ್ಟಿ ಕಡಲ ಪಾಚಿಯ ಹಾಳೆ ಸುತ್ತಿಟ್ಟಿರುತ್ತಾರೆ, ಒನಿಗಿರಿ ಅಂತ. ಒಳಗೆ ಉಪ್ಪಿನಲ್ಲಿ ಹಾಕಿದ ಉಮೆ ಕಾಯಿ ಇರುವುದನ್ನು ಪೊಟ್ಟಣ ಓದಿಸಿ ಕೊಂಡರೆ ನಮ್ಮವರ ನಾಲಿಗೆಗೆ ಹೊಂದುತ್ತದೆ. ನಮ್ಮ ಮಾವಿನಮಿಡಿಯ ದೂರದ ಸಂಬಂಧಿ ಅನ್ನಬಹುದು. ಆದರೆ ಮಾಮೂಲಿ ಊರ ರೈಲಿನಲ್ಲಿ ಬುತ್ತಿ ಬಿಚ್ಚುವ ರೂಢಿ ಅಲ್ಲಿಲ್ಲ. ಫೋನಿನಲ್ಲಿ ಮಾತಾಡುವ ರೂಢಿಯಂತೂ ಇಲ್ಲವೇ ಇಲ್ಲ. ರಸ್ತೆಯಲ್ಲಿ ಕಸದ ಡಬ್ಬಿ ಹುಡುಕಿದರೂ ಸಿಗುವುದಿಲ್ಲ. ನಿಮ್ಮ ಬಾಳೆಸಿಪ್ಪೆ ನಿಮ್ಮ ಚೀಲದಲ್ಲಿಟ್ಟುಕೊಂಡು ಮನೆಗೆ ಬರಬೇಕು. ಇದನ್ನು ಕೇಳಿ ನೆಲಮಂಗಲದ ಮಾವ ಒಂದು ತೀರ್ಪು ಕೊಟ್ಟರು: “ತಿನ್ನಂಗಿಲ್ಲ, ಮಾತಾಡಂಗಿಲ್ಲ, ಬಿಸಾಕಂಗಿಲ್ಲ. ಅದು ರೈಲಲ್ಲ ಕಣಯ್ಯ, ಮಠ.”

ಭಾವನಿಗೆ ಎಲ್ಲಕ್ಕಿಂತ ಕಷ್ಟವಾಗಿ ಕಂಡದ್ದು ಫೋನಿನ ಮಾತು. ಅವರು ಫೋನಿನಲ್ಲಿ ಮಾತಾಡುವುದೇ ಎರಡು ಮಗ್ಗದ ನಡುವೆ ನಿಂತವರ ದನಿಯಲ್ಲಿ, ಅದೂ ಸ್ಪೀಕರ್ ಹಾಕಿಕೊಂಡು. ಮಗ್ಗ ಇಲ್ಲದ ಕಡೆಯೂ ಆ ದನಿ ಇಳಿಯದು.

ಅಂತೂ ಹೋದರು. ಹೋದ ದಿನ ಏನಾಯಿತು ಅನ್ನೋದನ್ನು ಹುಡುಗ ಆಮೇಲೆ ಹೇಳಿದ. ಭಾವ ಮಧ್ಯೆ ಮಧ್ಯೆ ತಿದ್ದಿದರು. ಹತ್ತಕ್ಕೆ ಹೊರಡೋಣ ಅಂದರೂ ಭಾವ ಐದಕ್ಕೆ ಎದ್ದು, ಸ್ನಾನ ಮಾಡಿ, ವಿಭೂತಿ ಇಟ್ಟು, ಶೂ ಹಾಕಿಕೊಂಡು ಬಾಗಿಲ ಹತ್ತಿರ ಕೂತಿದ್ದರಂತೆ. ಟೋಕಿಯೊ ನಿಲ್ದಾಣದ ತೊಕಾಯ್‌ದೊ ಪ್ಲಾಟ್‌ಫಾರಂ. ರೈಲು ನಿಂತಿದೆ, ಬಾಗಿಲು ತೆಗೆದಿದೆ. ಅಕ್ಕ ಮೆಟ್ಟಿಲ ಹತ್ತಿರ ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ. ಭಾವ ಬಾಗಿಲ ಹತ್ತಿರ ನಿಂತು, ಒಂದು ಕಾಲು ಮುಂದಿಟ್ಟು, ಚೀಲ ಎತ್ತಿ ಹಿಡಿದು, “ಬಾರೇ, ಬಾರೇ, ಹೊಂಟೋಯ್ತದೆ!” ಅಂತ ದೊಡ್ಡಬಳ್ಳಾಪುರದ ದನಿಯಲ್ಲಿ ಕೂಗಿದರಂತೆ. ಪ್ಲಾಟ್‌ಫಾರಂ ಪೂರಾ ತಿರುಗಿ ನೋಡಿತು. ಬಾಗಿಲು ಮುಚ್ಚಿತು. ರೈಲು ಹೋಯಿತು.

ಭಾವ ಬೈಯಲು ಶುರು ಮಾಡಿದರು. ಹೆಂಗಸರನ್ನು ಕಟ್ಟಿಕೊಂಡು ಹೊರಟರೆ ಇಷ್ಟೇ, ಮೂವತ್ತು ವರ್ಷದಿಂದ ಇದೇ ಕಥೆ, ಇನ್ನು ಊಟಕ್ಕೆ ಮನೆ ಸೇರಿದ ಹಾಗೆ… ಬೈಗುಳ ಅರ್ಧದಲ್ಲಿದೆ, ಮುಂದಿನ ರೈಲು ಬಂದು ನಿಂತಿತು. ಬೈಗುಳದ ಉಳಿದ ಅರ್ಧವನ್ನು ಏನು ಮಾಡಬೇಕೆಂದು ತಿಳಿಯದೆ ಭಾವ ಬಾಯಿ ತೆರೆದುಕೊಂಡೇ ಒಳಗೆ ಹತ್ತಿದರಂತೆ. ಅಕ್ಕ ಕಿಟಕಿ ಪಕ್ಕ ಕೂತು ಒಂದೇ ಮಾತು ಅಂದಳು: “ಬಯ್ಯೋಕೂ ಟೈಮ್ ಕೊಡಲ್ಲ ಈ ಊರಲ್ಲಿ.”

ಆಮೇಲೆ ಆ ದಿನ ಮುಗಿಯುವವರೆಗೂ ಭಾವ ಯಾರನ್ನೂ ಅವಸರ ಮಾಡಲಿಲ್ಲವಂತೆ. ಸಿಲ್ಕ್ ಮ್ಯೂಸಿಯಂನಲ್ಲಿ ಬೀಗರು ಗಾಜಿನ ಪೆಟ್ಟಿಗೆಯ ಹುಳುಗಳ ಮುಂದೆ ಅಷ್ಟು ಹೊತ್ತು ನಿಂತರು, ಅವರನ್ನು ಎಳೆಯಲಿಲ್ಲ. ಹಳೆಯ ಮಗ್ಗವೊಂದರ ಲಾಳಿಯನ್ನು ತಾವೇ ಬಗ್ಗಿ ನೋಡಿ, “ನಮ್ದೂ ಹಿಂಗೇ ಇತ್ತು, ತೂಕಕ್ಕೆ ಹಾಕ್ಬಿಟ್ಟೆ,” ಅಂದರು. ಯಮಾಶಿತಾ ಪಾರ್ಕಿನಲ್ಲಿ ಬೆಂಚಿನ ಮೇಲೆ ಪುಳಿಯೋಗರೆ ತಿಂದು, ಅಲ್ಲೇ ಕೂತು ಹಡಗು ನೋಡುತ್ತಾ ಒಂದು ಸಣ್ಣ ನಿದ್ದೆ ತೆಗೆದರು. ಸಂಜೆ ವಾಪಸ್ ಎಷ್ಟು ಗಂಟೆಗೆ ಅಂತ ಹುಡುಗ ಕೇಳಿದರೆ ಭಾವನ ಉತ್ತರ: “ಯಾವಾಗ್ಲಾದ್ರೂ ಹೋದ್ರಾಯ್ತು ಬಿಡೋ.”

ಇದು ಅದೇ ಭಾವ. ಹುಟ್ಟು, ಕಸುಬು, ಕಂಠ ಯಾವುದೂ ಬದಲಾಗಿರಲಿಲ್ಲ. ನಮ್ಮ ಜನರ ಅವಸರ, ತಳ್ಳಾಟ, ಒಂದು ತಾಸು ಮೊದಲೇ ಹೋಗಿ ಕೂರುವ ಚಟ, ಇದೆಲ್ಲ ನಮ್ಮ ರಕ್ತದಲ್ಲೇ ಇದೆ ಅಂತ ಹೇಳುವವರನ್ನು ಬೇಕಾದಷ್ಟು ಕೇಳಿದ್ದೇನೆ. ಜಪಾನಿನವರಿಗೆ ಶಿಸ್ತು ಹುಟ್ಟುಗುಣ, ನಮಗೆ ಗಲಾಟೆ ಹುಟ್ಟುಗುಣ, ಅಂತ. ಸುಳ್ಳು. ಅವಸರ ಇರೋದು ರಕ್ತದಲ್ಲಲ್ಲ, ವೇಳಾಪಟ್ಟಿಯಲ್ಲಿ. ಒಂದು ರೈಲು ತಪ್ಪಿದರೆ ಇಡೀ ದಿನ ಹಾಳಾಗುವ ಊರಿನಲ್ಲಿ ಯಾವ ಬುದ್ಧನೂ ಪ್ಲಾಟ್‌ಫಾರಂ ಮೇಲೆ ಶಾಂತವಾಗಿ ನಿಲ್ಲಲಾರ. ತಪ್ಪಿದರೆ ತಪ್ಪಲಿ ಅನ್ನುವ ಧೈರ್ಯ ಹತ್ತು ನಿಮಿಷಕ್ಕೊಂದು ರೈಲು ಇರುವವನಿಗೆ ಮಾತ್ರ ಬರುತ್ತದೆ.

ಲೆಕ್ಕ ಹಾಕಿ ನೋಡಿ. ಟೋಕಿಯೊದಿಂದ ಯೊಕೊಹಾಮ ಸುಮಾರು 29 ಕಿಲೋಮೀಟರ್. ಬೆಂಗಳೂರಿನಿಂದ ದೊಡ್ಡಬಳ್ಳಾಪುರ 40ರ ಆಸುಪಾಸು. ಭಾರಿ ವ್ಯತ್ಯಾಸವೇನಲ್ಲ. ನಮ್ಮ ಕಡೆ ಈಗ ಹಳಿ ಜೋಡಿಯಾಗಿದೆ, ವಿದ್ಯುತ್ ತಂತಿ ಬಂದಿದೆ. ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ ಹಳಿ ಬಳಸಿ ಹೋಗುವ ಚೆಂದ ನೋಡಲು ಬೆಂಗಳೂರಿನ ಹುಡುಗರು ಭಾನುವಾರ ದಂಡು ಕಟ್ಟಿಕೊಂಡು ಬರುತ್ತಾರೆ. ಎಲ್ಲ ಇದೆ. ರೈಲು ಮಾತ್ರ ಬೆರಳೆಣಿಕೆಯಷ್ಟು. ದೇವನಹಳ್ಳಿ ದಾರಿಯಲ್ಲಿ ವಿಮಾನ ನಿಲ್ದಾಣದ ಪಕ್ಕ 2021ರ ಜನವರಿಯಲ್ಲಿ ಒಂದು ಹಾಲ್ಟ್ ನಿಲ್ದಾಣ ತೆರೆದರು. ಅಲ್ಲಿ ನಿಲ್ಲುವ ರೈಲಿಗೂ ಹಾರುವ ವಿಮಾನಕ್ಕೂ ಹೊಂದಾಣಿಕೆ ಮಾಡಿಕೊಳ್ಳುವವನು ಪಂಚಾಂಗ ಓದಲು ಕಲಿತಿರಬೇಕು. ನಮ್ಮ ಅಕ್ಕ-ಭಾವ ಜಪಾನಿಗೆ ಹೋಗುವಾಗ ವಿಮಾನ ನಿಲ್ದಾಣಕ್ಕೆ ಮನೆಯಿಂದ ಹೋದದ್ದು ಟ್ಯಾಕ್ಸಿಯಲ್ಲಿ.

ಇನ್ನು ಬೆಂಗಳೂರಿನ ಉಪನಗರ ರೈಲು. 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. 2022ರ ಜೂನ್‌ನಲ್ಲಿ ಪ್ರಧಾನಿ ಅಡಿಗಲ್ಲು ಹಾಕಿ, ನಲವತ್ತು ತಿಂಗಳಲ್ಲಿ ಮುಗಿಯುತ್ತದೆ ಅಂದರು. ನಾಲ್ಕು ದಾರಿಗೆ ನಾಲ್ಕು ಹೂವಿನ ಹೆಸರಿಟ್ಟರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮನ್ನು ಮೀರಿಸುವವರುಂಟೆ? ನಲವತ್ತು ತಿಂಗಳು 2025ರ ಅಕ್ಟೋಬರಿಗೆ ತುಂಬಿತು. ದೇವನಹಳ್ಳಿಗೆ ಬರಬೇಕಾದ ಸಂಪಿಗೆ ಅರಳಲಿಲ್ಲ. ಕನಕ ಬಂದರೂ ರಾಜಾನುಕುಂಟೆಗೇ ನಿಂತುಬಿಡುತ್ತದಂತೆ, ದೊಡ್ಡಬಳ್ಳಾಪುರಕ್ಕೆ ಇನ್ನು ಹತ್ತು-ಹದಿನೈದು ಕಿಲೋಮೀಟರ್ ಇರುವಾಗ. ಹೊಸಕೋಟೆಯವರಿಗೆ ಹೂವೂ ಇಲ್ಲ, ಎಸಳೂ ಇಲ್ಲ. ಅವರ ಪಾಲಿಗೆ ಬಿರಿಯಾನಿಯೇ ಗತಿ.

ಹಾಗಾಗಿ ಆಳುವ ದೊರೆಗಳಲ್ಲಿ ನಮ್ಮ ವಿನಂತಿ ದೊಡ್ಡದೇನಲ್ಲ. ಬುಲೆಟ್ ರೈಲು ಬೇಡ; ಅದನ್ನು ನೆಲಮಂಗಲದ ಮಾವ ಯೂಟ್ಯೂಬಿನಲ್ಲೇ ನೋಡಿ ತೃಪ್ತರಾಗಿದ್ದಾರೆ. ಸಮುದ್ರವೂ ಬೇಡ. ಇರುವ ಹಳಿಯ ಮೇಲೆ, ಇರುವ ತಂತಿಯ ಕೆಳಗೆ, ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಅರ್ಧ ತಾಸಿಗೊಂದು ರೈಲು ಬಿಡಿ. ಕನಕವನ್ನು ರಾಜಾನುಕುಂಟೆಯಿಂದ ಇನ್ನೊಂದಿಷ್ಟು ಮುಂದೆ ಎಳೆಯಿರಿ. ಆಗ ನಮ್ಮವರೂ ಪ್ಲಾಟ್‌ಫಾರಂ ಮೇಲೆ ಸೆರಗು ಸರಿಮಾಡಿಕೊಳ್ಳುವವರೆಗೆ ಕಾಯುತ್ತಾರೆ. ಓದುಗ ಮಹಾಶಯರೇ, ನೀವು ಮಾತ್ರ ಅಲ್ಲಿಯವರೆಗೆ ಎಲ್ಲಿಗೇ ಹೊರಟರೂ ಒಂದು ತಾಸು ಮೊದಲೇ ನಿಲ್ದಾಣದಲ್ಲಿರಿ. ಪ್ಯಾಸೆಂಜರು ತಪ್ಪಿದರೆ ಮುಂದಿನದು ಎಷ್ಟು ಗಂಟೆಗೆ ಅಂತ ನನ್ನನ್ನು ಕೇಳಬೇಡಿ.